ಕುಂಡದಲ್ಲಿ ಇಟಲಿಯ ಸೊಪ್ಪು: ಬೆಸಿಲ್‌ನಿಂದ ರೋಸ್‌ಮೇರಿವರೆಗೆ ಬೆಳೆಯುವ, ಕೊಯ್ಯುವ, ಕಾಪಿಡುವ ಬಗೆ

ಪಿಜ್ಜಾ ಜೊತೆ ಬರುವ ಪೊಟ್ಟಣದಲ್ಲಿ ಒರೆಗಾನೊ, ಬೆಸಿಲ್, ಥೈಮ್ ಎಲ್ಲ ಒಟ್ಟಿಗೆ ಬೆರೆತಿರುತ್ತವೆ. ಅದನ್ನು ನೋಡಿ ಇವೆಲ್ಲ ಒಂದೇ ಬಗೆಯ ಆರೈಕೆ ಬೇಡುವ ಗಿಡಗಳು ಅಂದುಕೊಂಡು, ನರ್ಸರಿಯಿಂದ ನಾಲ್ಕು ಸಸಿ ತಂದು ಒಂದೇ ಉದ್ದನೆಯ ಕುಂಡದಲ್ಲಿ ಸಾಲಾಗಿ ನೆಡುವವರು ಬಹಳ ಮಂದಿ. ಬೆಸಿಲ್‌ಗೆ ಬೇಕಾದಷ್ಟು ನೀರು ಹಾಕಿದರೆ ರೋಸ್‌ಮೇರಿ, ಸೇಜ್ ಎರಡೂ ಬೇರು ಕೊಳೆತು ಹೋಗುತ್ತವೆ. ರೋಸ್‌ಮೇರಿಗೆ ಸರಿಹೋಗುವಷ್ಟೇ ಹಾಕಿದರೆ ಬೆಸಿಲ್ ಮಧ್ಯಾಹ್ನಕ್ಕೇ ಬಾಡಿ ಬೇಗ ಹೂವಿಗೆ ಬರುತ್ತದೆ. ಗಿಡ ಉಳಿಯಲಿಲ್ಲವೆಂದರೆ ನಮ್ಮ ಹವೆಯನ್ನು ದೂರುತ್ತೇವೆ. ಹೆಚ್ಚಿನ ಸಲ ತಪ್ಪಿರುವುದು ಹವೆಯಲ್ಲಲ್ಲ, ನೀರಿನ ಲೆಕ್ಕದಲ್ಲಿ.

ಮೊದಲು ಎರಡು ಪಂಗಡ ಮಾಡಿಕೊಳ್ಳಿ

ರೋಸ್‌ಮೇರಿ, ಸೇಜ್, ಥೈಮ್, ಒರೆಗಾನೊ ಇವು ಮೆಡಿಟರೇನಿಯನ್ ತೀರದ ಸುಣ್ಣಕಲ್ಲಿನ ಗುಡ್ಡಗಳ ಗಿಡಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯಿಡೀ ಒಣ ಹವೆ, ಸುಡುವ ಬಿಸಿಲು, ಗಾಳಿ. ಮಣ್ಣು ತೆಳು, ನೀರು ನಿಲ್ಲುವುದೇ ಇಲ್ಲ. ಎಲೆ ಸಣ್ಣದಾಗಿ, ದಪ್ಪಗೆ, ಮೇಣ ಹಚ್ಚಿದಂತೆಯೋ ರೋಮ ತುಂಬಿಯೋ ಇರುವುದು ನೀರು ಉಳಿಸಿಕೊಳ್ಳುವುದಕ್ಕಾಗಿ. ನಾವು ಬಯಸುವ ಪರಿಮಳದ ಎಣ್ಣೆ ತುಂಬಿಕೊಳ್ಳುವುದೂ ಇದೇ ಒಣ ಬದುಕಿನಲ್ಲಿ. ಚೆನ್ನಾಗಿ ಗೊಬ್ಬರ, ನೀರು ಕೊಟ್ಟು ಕೊಬ್ಬಿಸಿದ ಒರೆಗಾನೊ ನೋಡಲು ಸೊಂಪಾಗಿರುತ್ತದೆ, ಬಾಯಿಗಿಟ್ಟರೆ ಸಪ್ಪೆ.

ಬೆಸಿಲ್ ಮತ್ತು ಪಾರ್ಸ್ಲಿ ಇನ್ನೊಂದು ಪಂಗಡ. ಬೆಸಿಲ್ ಹುಟ್ಟಾ ಇಟಲಿಯದಲ್ಲ, ಏಷ್ಯಾದ ಬಿಸಿ ನಾಡುಗಳಿಂದ ಅಲ್ಲಿಗೆ ಹೋದದ್ದು. ಇಟಲಿಯಲ್ಲೂ ಅದನ್ನು ಬೇಸಿಗೆಯಲ್ಲಿ ದಿನಾ ನೀರುಣಿಸಿ ಹಿತ್ತಲ ಸೊಪ್ಪಾಗಿಯೇ ಬೆಳೆಯುತ್ತಾರೆ. ಮೆತ್ತನೆಯ ಅಗಲ ಎಲೆ, ಫಲವತ್ತಾದ ಮಣ್ಣು, ಬಿಡದ ತೇವ.

ಒಂದು ಕುಂಡದಲ್ಲಿ ಒಂದೇ ಪಂಗಡ. ರೋಸ್‌ಮೇರಿ ಮತ್ತು ಥೈಮ್ ಜೊತೆಗಿರಬಹುದು, ಬೆಸಿಲ್ ಮತ್ತು ರೋಸ್‌ಮೇರಿ ಕೂಡದು.

ಇಟಲಿಯ ಸೊಪ್ಪುಗಳಲ್ಲಿ ಎರಡು ನಮ್ಮ ಮನೆಗೆ ಹೊಸತೇನಲ್ಲ. ನಮ್ಮ ಕಾಮಕಸ್ತೂರಿ ಮತ್ತು ಇಟಲಿಯ ಬೆಸಿಲ್ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ, ಆಸಿಮಮ್ ಬೆಸಿಲಿಕಮ್. ತುಳಸಿ ಇದರ ನೆಂಟ, ಆದರೆ ಬೇರೆ ಪ್ರಭೇದ. ಕಾಮಕಸ್ತೂರಿಯಲ್ಲಿ ಸಾಮಾನ್ಯವಾಗಿ ಸೋಂಪಿನ ವಾಸನೆ ಮುಂದಿರುತ್ತದೆ. ಶರಬತ್ತಿನ ಬೀಜ ಬಿತ್ತಿದರೆ ಗಿಡವೇನೋ ಬರುತ್ತದೆ, ಬೆಸಿಲ್ ಅರೆದು ಮಾಡುವ ಇಟಲಿಯ ಚಟ್ನಿ ಪೆಸ್ಟೊ ಮಾತ್ರ ಆ ರುಚಿಗೆ ಬರುವುದಿಲ್ಲ. ಹೂಮಾಲೆಯಲ್ಲಿ ಮಲ್ಲಿಗೆ ನಡುವೆ ಕಟ್ಟುವ ಮರುಗವಂತೂ ಇಟಲಿಯ ಮಾರ್ಜೊರಾಮ್‌ ಗಿಡವೇ. ಇಟಲಿಯ ಲಿಗೂರಿಯಾ ಸೀಮೆಯಲ್ಲಿ ಪಾಸ್ತಾದೊಳಗೆ ತುಂಬುವ ಸೊಪ್ಪಿನ ಹೂರಣಕ್ಕೆ ಅದನ್ನು ಹಾಕುತ್ತಾರೆ. ಮನೆಯಲ್ಲಿ ಔಷಧ ಹೊಡೆಯದೆ ಬೆಳೆದ ಮರುಗ ಇದ್ದರೆ ಅಡುಗೆಗೆ ಬಳಸಿ; ಹೂವಿನ ಅಂಗಡಿಯದು ಬೇಡ, ಅದನ್ನು ತಿನ್ನುವುದಕ್ಕೆಂದು ಬೆಳೆದಿರುವುದಿಲ್ಲ.

ಮಣ್ಣು ಮತ್ತು ಕುಂಡ

ಮೆತ್ತನೆಯ ಪಂಗಡಕ್ಕೆ: ಕೆಮ್ಮಣ್ಣು ಒಂದು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. 10 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ.

ಗುಡ್ಡದ ಪಂಗಡಕ್ಕೆ: ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಕಲ್ಲಿನ ಹರಳು) ಎರಡು ಪಾಲು, ಗೊಬ್ಬರ ಒಂದೇ ಪಾಲು. ಕೋಕೋಪೀಟ್ ಬೇಡವೇ ಬೇಡ, ಅದು ನೀರು ಹಿಡಿದಿಡುವ ವಸ್ತು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು, ಹಿಟ್ಟಿನಂಥ ಪುಡಿಯನ್ನು ತೆಗೆದು, ಒಮ್ಮೆ ತೊಳೆದು ಹಾಕಿ. ಆ ಪುಡಿ ಮಣ್ಣಿನ ಸಂದುಗಳಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ನಿಮ್ಮ ಕೆಮ್ಮಣ್ಣು ಹುಳಿ ಗುಣದ್ದಾದರೆ 10 ಇಂಚಿನ ಕುಂಡಕ್ಕೆ ಒಂದು ಟೀ ಚಮಚ ಕೃಷಿ ಸುಣ್ಣ ಬೆರೆಸಿ. ಎಲೆಅಡಿಕೆಯ ಸುಣ್ಣ ಇದಕ್ಕಾಗದು, ಅದು ತೀರಾ ಪ್ರಬಲ.

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕುವ ರೂಢಿ ಬಿಡಿ. ಜಲ್ಲಿಯಿಂದ ನೀರು ಬೇಗ ಇಳಿಯುತ್ತದೆ ಎನ್ನುವುದು ತಪ್ಪು ನಂಬಿಕೆ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕೆಳಗಿನ ದಪ್ಪ ಜಲ್ಲಿಗೆ ದಾಟುವುದಿಲ್ಲ. ಹೀಗಾಗಿ ಸದಾ ಒದ್ದೆಯಿರುವ ಮಣ್ಣಿನ ಪದರ ತಳದಿಂದ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಒಡೆದ ಹೆಂಚಿನ ಚೂರೋ ಸೊಳ್ಳೆಪರದೆಯ ತುಂಡೋ ಇಟ್ಟು, ಮೇಲಿಂದ ಕೆಳಗಿನವರೆಗೆ ಒಂದೇ ಮಿಶ್ರಣ ತುಂಬಿ.

ಗಿಡ ನೆಡುವ ಮುಂಚೆ ಪರೀಕ್ಷೆ ಮಾಡಿ. ತುಂಬಿದ ಕುಂಡವನ್ನು ಒಮ್ಮೆ ಪೂರ್ತಿ ನೆನೆಸಿ, ಒಂದು ಗಂಟೆ ಬಿಟ್ಟು ಮತ್ತೆ ಅರ್ಧ ಲೀಟರ್ ಸುರಿಯಿರಿ. ಗುಡ್ಡದ ಮಿಶ್ರಣದಲ್ಲಿ ನೀರು ಮೇಲೆ ನಿಲ್ಲದೆ ಇಳಿದು, ಒಂದು ನಿಮಿಷದೊಳಗೆ ತಳದಿಂದ ಹೊರಬರಬೇಕು. ಬರದಿದ್ದರೆ ಇನ್ನೊಂದು ಪಾಲು ಮರಳು ಬೆರೆಸಿ. ರೋಸ್‌ಮೇರಿ ಬಳಗಕ್ಕೆ ಮಣ್ಣಿನ ಕುಂಡವೇ ಮೇಲು, ಗೋಡೆಯಿಂದಲೂ ನೀರು ಆರುತ್ತದೆ. ಬೆಸಿಲ್‌ಗೆ ಪ್ಲಾಸ್ಟಿಕ್ ಕುಂಡ, ಗ್ರೋ ಬ್ಯಾಗ್ ಯಾವುದಾದರೂ ಆದೀತು.

ಬೆಸಿಲ್

ಬೀಜದ ಪೊಟ್ಟಣದ ಮೇಲೆ "ಜೆನೊವೀಸ್" ಎಂದಿರುವುದನ್ನು ಹುಡುಕಿ. "ಥಾಯ್", "ಲೆಮನ್", "ಪರ್ಪಲ್" ಇವೆಲ್ಲ ಬೇರೆ ರುಚಿಯವು. ಜೆನೋವಾ ಇರುವ ಲಿಗೂರಿಯಾ ಸೀಮೆಯ ಬೆಸಿಲ್‌ಗೆ 2005ರಿಂದ ಯುರೋಪಿನ ಮೂಲಸ್ಥಾನ ಸಂರಕ್ಷಣೆಯ ಮುದ್ರೆ ಇದೆ. ಅಲ್ಲಿನ ಪ್ರಾ ಎಂಬ ಕಡಲ ಬದಿಯ ಬಡಾವಣೆಯ ಗಾಜಿನ ಮನೆಗಳಲ್ಲಿ ಪೆಸ್ಟೊಗೆಂದು ಬೆಳೆಯುವ ಗಿಡವನ್ನು ಕೆಲವೇ ಜೋಡಿ ಎಲೆ ಬಂದಾಗ, ಎಳೆಯದಿರುವಾಗಲೇ, ಬೇರುಸಹಿತ ಕಿತ್ತು ಕಟ್ಟು ಕಟ್ಟುತ್ತಾರೆ. ಎಲೆ ಬಲಿತಷ್ಟೂ ಲವಂಗದ, ಪುದೀನದ ಘಾಟು ಸೇರಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಎಲೆ ಒಳ್ಳೆಯ ಎಲೆ ಎಂದು ಕಾಯಬೇಡಿ.

1. 8 ಇಂಚಿನ ಕುಂಡದ ಮಣ್ಣನ್ನು ನೆನೆಸಿ, ಎಂಟು–ಹತ್ತು ಬೀಜ ಹರಡಿ. ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಮಣ್ಣು ಬೇಡ. ನೀರು ತಾಗಿದೊಡನೆ ಬೀಜದ ಸುತ್ತ ಲೋಳೆ ಕಟ್ಟುತ್ತದೆ, ಅದು ಸಹಜ. ಲೋಳೆ ಒಣಗಿದರೆ ಮೊಳಕೆ ಸಾಯುತ್ತದೆ, ಆದ್ದರಿಂದ ಮೇಲ್ಮಣ್ಣು ತೇವವಿರುವಂತೆ ದಿನಕ್ಕೆರಡು ಸಲ ನೀರು ಚಿಮುಕಿಸಿ.

2. 20ರಿಂದ 27 ಡಿಗ್ರಿಯ ಹವೆಯಲ್ಲಿ ಐದಾರು ದಿನಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆಯ ಜೊತೆ ಬರುವ ಬೀಜದೆಲೆ ಬಿಟ್ಟು ಎರಡು ಜೋಡಿ ನಿಜ ಎಲೆ ಬಂದಾಗ ಬಲವಾದ ಮೂರ್ನಾಲ್ಕು ಸಸಿ ಉಳಿಸಿ, ಮಿಕ್ಕವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಕತ್ತರಿಸಿದ್ದನ್ನು ಸಲಾಡಿಗೆ ಹಾಕಿಕೊಳ್ಳಿ.

3. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಬೆಳಗಿನದಾದರೆ ಉತ್ತಮ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಹನ್ನೆರಡರ ಮೇಲೆ ನೆರಳಿರಲಿ, ಇಲ್ಲವೇ 50 ಪರ್ಸೆಂಟಿನ ಶೇಡ್ ನೆಟ್ ಕಟ್ಟಿ.

4. ಗಿಡ ಒಂದು ಗೇಣು ಎತ್ತರವಾಗಿ ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಿ. ಎಲ್ಲಿ ಚಿವುಟಬೇಕು ಎನ್ನುವುದೇ ಇಲ್ಲಿನ ಕೆಲಸ.

ಗಿಡವನ್ನು ಹತ್ತಿರದಿಂದ ನೋಡಿ. ಪ್ರತಿ ಜೋಡಿ ಎಲೆಯ ಕಂಕುಳಲ್ಲಿ ಸಾಸಿವೆ ಗಾತ್ರದ ಎರಡು ಮೊಗ್ಗೆಲೆ ಕಾಣುತ್ತವೆ. ತುದಿಯ ಕುಡಿ ಇರುವ ತನಕ ಅವು ಹಾಗೆಯೇ ಮುದುಡಿಕೊಂಡಿರುತ್ತವೆ. ಕೆಳಗಿನಿಂದ ಎರಡನೆಯ ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕಾಂಡ ಕತ್ತರಿಸಿದರೆ, ಒಂದೆರಡು ವಾರದಲ್ಲಿ ಆ ಎರಡೂ ಮೊಗ್ಗು ಎರಡು ಕವಲಾಗುತ್ತವೆ. ಪ್ರತಿ ಕವಲಿನಲ್ಲಿ ಮೂರು ಜೋಡಿ ಎಲೆ ಬಂದಾಗ ಮತ್ತೆ ಹಾಗೇ ಮಾಡಿ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಕೆಳಗಿನ ದೊಡ್ಡ ಎಲೆಗಳನ್ನು ಒಂದೊಂದಾಗಿ ಕಿತ್ತು ಕುಡಿಯನ್ನು "ಪಾಪ, ಬೆಳೆಯಲಿ" ಎಂದು ಬಿಟ್ಟರೆ ಕೋಲಿನ ತುದಿಗೆ ನಾಲ್ಕೆಲೆ ಉಳಿದು, ಅದರ ಮೇಲೊಂದು ಹೂತೆನೆ ಬರುತ್ತದೆ. ಬಿಸಿಲಿಗೆ ಮುಖ ಮಾಡಿ ಆಹಾರ ತಯಾರಿಸುವುದು ಆ ದೊಡ್ಡ ಎಲೆಗಳೇ. ಕೊಯ್ಯಬೇಕಾದ್ದು ಕುಡಿ, ಬಿಡಬೇಕಾದ್ದು ಬುಡದ ಎಲೆ.

ಹೂತೆನೆಯ ಮೊಗ್ಗು ಕಂಡ ದಿನವೇ ಅದರ ಕೆಳಗಿನ ಒಂದು ಜೋಡಿ ಎಲೆಸಮೇತ ಕತ್ತರಿಸಿ. ಹೂ ಬಿಟ್ಟ ಮೇಲೆ ಹೊಸ ಎಲೆ ಸಣ್ಣದಾಗುತ್ತದೆ, ಕಹಿ ಏರುತ್ತದೆ. ಒಂದು ಗಿಡವನ್ನು ಮಾತ್ರ ಬೀಜಕ್ಕೂ ಜೇನ್ನೊಣಕ್ಕೂ ಬಿಡಿ.

ತಿಂಗಳಿಗೊಮ್ಮೆ ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ ಸಾಕು. ಜೀವಾಮೃತ ಕೊಡುವವರು ಹತ್ತು ಪಾಲು ನೀರಿಗೆ ಬೆರೆಸಿ ಬುಡಕ್ಕೆ ಮಾತ್ರ ಹಾಕಿ, ಹಸಿಯಾಗಿ ತಿನ್ನುವ ಎಲೆಯ ಮೇಲೆ ಸಗಣಿ ನೀರು ಬೀಳಬಾರದು.

ಬೀಜ ಸಿಗದಿದ್ದರೆ ಸೂಪರ್ ಮಾರ್ಕೆಟ್ಟಿನ ಬೆಸಿಲ್ ಕಟ್ಟೇ ಸಾಕು. ಎಲೆ ಕಪ್ಪಾಗದ, ಹೂ ಬಿಡದ 10 ಸೆಂಟಿಮೀಟರ್ ಕಾಂಡ ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ವಾರ–ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಬೇರು ಒಂದು ಇಂಚಾದ ಕೂಡಲೇ ಮಣ್ಣಿಗೆ ನೆಡಿ. ತಡ ಮಾಡಿದರೆ ನೀರಿಗೆ ಒಗ್ಗಿದ ಬೇರು ಮಣ್ಣಿಗೆ ಒಗ್ಗಲು ತಿಣುಕುತ್ತದೆ.

ಪಾರ್ಸ್ಲಿ

ಇಟಲಿಯವರು ಬಳಸುವುದು ಚಪ್ಪಟೆ ಎಲೆಯದನ್ನು. ಸುರುಳಿ ಎಲೆಯದು ತಟ್ಟೆಯ ಅಲಂಕಾರಕ್ಕೆ ಚೆನ್ನ. ನೋಡಲು ಕೊತ್ತಂಬರಿಯ ತಂಗಿಯಂತಿದ್ದರೂ ಬೀಜ ಬಿತ್ತಿ ವಾರದಲ್ಲಿ ಮೊಳಕೆ ಕಾಣದೆ ಕುಂಡ ಖಾಲಿ ಮಾಡುವವರೇ ಹೆಚ್ಚು. ಪಾರ್ಸ್ಲಿಗೆ ಎರಡರಿಂದ ನಾಲ್ಕು ವಾರ ಬೇಕು. ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ–ಹಗಲು ನೆನೆಸಿ, ಆ ನೀರು ಚೆಲ್ಲಿ, ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ. ಮೊಳಕೆ ಬರುವ ತನಕ ಕುಂಡದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ. ಹಳೆಯ ಬೀಜ ಬೇಗ ಕೈಕೊಡುತ್ತದೆ, ಪೊಟ್ಟಣದ ಮೇಲಿನ ವರ್ಷ ನೋಡಿಯೇ ಕೊಳ್ಳಿ.

ಬೇರು ಮೂಲಂಗಿಯ ಬೇರಿನಂತೆ ನೇರ ಕೆಳಗಿಳಿಯುವಂಥದ್ದು. 10 ಇಂಚು ಆಳದ ಕುಂಡದಲ್ಲೇ ಬಿತ್ತಿ, ಆಮೇಲೆ ಎತ್ತಿ ನೆಡಬೇಡಿ. ಕೊಯ್ಯುವಾಗ ಹೊರಸುತ್ತಿನ ದಂಟುಗಳನ್ನು ಬುಡಕ್ಕೆ ಕತ್ತರಿಸಿ, ನಡುವಿನ ಎಳೆ ಸುಳಿ ಮುಟ್ಟಬೇಡಿ. ತುದಿಯ ಎಲೆಯನ್ನಷ್ಟೇ ಚಿವುಟಿದರೆ ಬೋಳು ದಂಟು ಕೊಳೆಯುತ್ತದೆ. ಬೆಂಗಳೂರಿನ ಹವೆಯಲ್ಲಿ ಒಂದು ಗಿಡ ಹಲವು ತಿಂಗಳು ಕೊಡುತ್ತದೆ. ನಡುವಿನಿಂದ ಹೂದಂಟು ಎದ್ದರೆ ಅದರ ಕಾಲ ಮುಗಿಯಿತು, ಹೊಸದು ಬಿತ್ತಿ.

ಒರೆಗಾನೊ ಕೊಳ್ಳುವ ಮುಂಚೆ ಎಲೆ ಅಗಿದು ನೋಡಿ

ಒರೆಗಾನೊ ಹೆಸರಲ್ಲಿ ಮಾರಾಟವಾಗುವ ಗಿಡಗಳು ಹಲವು. ಕೆಲವು ನರ್ಸರಿಗಳಲ್ಲಿ ನಮ್ಮ ದೊಡ್ಡಪತ್ರೆಗೇ "ಇಂಡಿಯನ್ ಒರೆಗಾನೊ" ಎಂಬ ಚೀಟಿ ಅಂಟಿಸಿರುತ್ತಾರೆ. ವಾಸನೆ ಹೋಲುವುದು ನಿಜ, ಇಬ್ಬರಲ್ಲೂ ಕಾರ್ವಕ್ರಾಲ್, ಥೈಮಾಲ್ ಎಂಬ ಅದೇ ಎಣ್ಣೆಯಂಶಗಳಿವೆ. ಆದರೆ ದೊಡ್ಡಪತ್ರೆಯ ರಸ ತುಂಬಿದ ಎಲೆ ಒಣಗಿಸಲು ಬರುವುದಿಲ್ಲ, ಪಿಜ್ಜಾ ಮೇಲೆ ತಂಬುಳಿಯ ರುಚಿ ಕೊಡುತ್ತದೆ. ನಿಜವಾದ ಒರೆಗಾನೊದ ಎಲೆ ಕಿರುಬೆರಳ ಉಗುರಿನಷ್ಟು, ತೆಳು, ತುಸು ರೋಮ. ಕಾಂಡ ಬಲಿತಂತೆ ಗಟ್ಟಿಯಾಗುತ್ತದೆ. ಅದರಲ್ಲೂ ಸಪ್ಪೆ ತಳಿಗಳಿವೆ. ಒಂದು ಎಲೆ ಅಗಿದಾಗ ನಾಲಗೆ ತುದಿ ಚುರುಗುಟ್ಟಿ ಸ್ವಲ್ಪ ಜೋಮು ಹಿಡಿದರೆ ಅದೇ ನಿಮಗೆ ಬೇಕಾದ ಗಿಡ. ಸಪ್ಪೆ ತಳಿಯನ್ನು ಯಾವ ಆರೈಕೆಯೂ ಖಾರ ಮಾಡುವುದಿಲ್ಲ. ಬೀಜದಿಂದ ಬಂದ ಗಿಡಗಳ ರುಚಿ ಒಂದರಂತೆ ಒಂದಿರುವುದಿಲ್ಲ, ಆದ್ದರಿಂದ ರುಚಿ ನೋಡಿದ ಗಿಡದ ಕಡ್ಡಿಯಿಂದಲೇ ಬೆಳೆಸಿ.

ಅಗಲವಾದ, ಆಳ ಕಡಿಮೆಯ ಕುಂಡ ಸಾಕು, ಗಿಡ ಹರಡುತ್ತದೆ. ದಿನಾ ಬೇಕಾದಷ್ಟು ಚಿವುಟಬಹುದು. ವರ್ಷದ ಕೊಯ್ಲಿಗೆ ಮಾತ್ರ ಒಂದು ಕಾಲವಿದೆ: ಹೂಮೊಗ್ಗು ಮೂಡಿ ಇನ್ನೂ ಅರಳದಿರುವಾಗ. ಪರಿಮಳ ಆಗ ತುಂಬಿರುತ್ತದೆ. ಬುಡದಿಂದ ಎರಡು ಇಂಚು ಬಿಟ್ಟು ಇಡೀ ಗಿಡ ಕೊಯ್ದು ಕಟ್ಟು ಕಟ್ಟಿ. ಸಿಸಿಲಿ, ಕಲಾಬ್ರಿಯಾ ಕಡೆಯ ಸಂತೆಗಳಲ್ಲಿ ಒರೆಗಾನೊ ಮಾರುವುದೂ ಹೀಗೆ, ಹೂತೆನೆಸಮೇತ ಒಣಗಿಸಿದ ಕಟ್ಟಾಗಿ.

ರೋಸ್‌ಮೇರಿ, ಸೇಜ್, ಥೈಮ್

ರೋಸ್‌ಮೇರಿ ಬೀಜಕ್ಕೆ ದುಡ್ಡು ಹಾಕಬೇಡಿ. ಮೊಳೆಯುವುದು ಕಡಿಮೆ, ಬೆಳೆಯುವುದು ನಿಧಾನ. ನೀಲಗಿರಿ ಬೆಟ್ಟಗಳಲ್ಲಿ ರೋಸ್‌ಮೇರಿ, ಥೈಮ್ ಬೆಳೆ ಇದೆ, ಹಾಗಾಗಿ ತರಕಾರಿ ಅಂಗಡಿಗೆ ಬರುವ ತಾಜಾ ಕಟ್ಟಿನಿಂದಲೂ ಕಡ್ಡಿ ತೆಗೆಯಬಹುದು. ಈ ವರ್ಷದ ಹಸಿರು ಕುಡಿಯನ್ನು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ಸವರಿ ತೆಗೆದು, ಬರೀ ಮರಳು–ಪರ್ಲೈಟ್ ತುಂಬಿದ ಕಪ್ಪಿನಲ್ಲಿ ಊರಿ. ನೆರಳಿನಲ್ಲಿಡಿ. ಒಂದರಿಂದ ಎರಡು ತಿಂಗಳು ಬೇಕು. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಬೇರು ಬಂದಿದೆ ಎಂದರ್ಥ. ಆರು ಕಡ್ಡಿ ಊರಿದರೆ ಮೂರು ಉಳಿದರೂ ಒಳ್ಳೆಯದೇ. ಸೇಜ್‌ಗೂ ಇದೇ ವಿಧಾನ. ಥೈಮ್ ಇನ್ನೂ ಸುಲಭ: ಬಾಗಿದ ಒಂದು ಕಡ್ಡಿಯನ್ನು ಮಣ್ಣಿಗೆ ತಾಗಿಸಿ ಮೇಲೊಂದು ಕಲ್ಲಿಡಿ, ತಾಗಿದ ಕಡೆ ಬೇರಿಳಿಸಿದ ಮೇಲೆ ಕತ್ತರಿಸಿ ಬೇರೆ ಮಾಡಿ.

ನೀರಿನ ವಿಷಯದಲ್ಲಿ ರೋಸ್‌ಮೇರಿ ಮೋಸ ಮಾಡುವ ಗಿಡ. ಬೆಸಿಲ್ ಬಾಯಾರಿದರೆ ಎಲೆ ಜೋತುಬಿದ್ದು ತಿಳಿಸುತ್ತದೆ. ರೋಸ್‌ಮೇರಿಯ ಸೂಜಿಯಂಥ ಎಲೆ ಜೋತುಬೀಳುವುದಿಲ್ಲ. ಒಣಗಿದ್ದು ಗೊತ್ತಾಗುವ ಹೊತ್ತಿಗೆ ಬೇರು ಸತ್ತಿರುತ್ತದೆ. ಹೆಚ್ಚಾದರೂ ಕಡಿಮೆಯಾದರೂ ಲಕ್ಷಣ ಒಂದೇ, ಎಲೆ ಕಂದು. ಅದಕ್ಕೇ ದಿನ ಲೆಕ್ಕ ಹಾಕಿ ನೀರು ಹಾಕಬಾರದು. ಕುಂಡ ಎತ್ತಿ ತೂಕ ನೋಡಿ. ನೀರು ಹಾಕಿದ ದಿನದ ತೂಕ ಕೈಗೆ ಅಭ್ಯಾಸವಾದರೆ ಸಾಕು, ಹಗುರವಾದಾಗ ತಳದಿಂದ ಹರಿಯುವಷ್ಟು ಹಾಕಿ, ಮತ್ತೆ ಹಗುರವಾಗುವವರೆಗೆ ಸುಮ್ಮನಿರಿ. ಎತ್ತಲಾಗದ ಕುಂಡಕ್ಕೆ ಬೆರಳಿಟ್ಟು ನೋಡಿ: ಎರಡು ಇಂಚು ಆಳದವರೆಗೆ ಒಣಗಿರಬೇಕು. ಬೆಸಿಲ್‌ಗಾದರೆ ಒಂದು ಇಂಚು ಒಣಗುವ ಮೊದಲೇ ಹಾಕಬೇಕು. ಯಾವ ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಿಸಬೇಡಿ.

ಇನ್ನು ಕತ್ತರಿ. ರೋಸ್‌ಮೇರಿಯಲ್ಲಿ ಎಲೆಯಿಲ್ಲದ ಕಂದು ಕಟ್ಟಿಗೆಯವರೆಗೆ ಕತ್ತರಿಸಿದರೆ ಆ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಯಾವಾಗಲೂ ಹಸಿರು ಭಾಗದಲ್ಲೇ ಕತ್ತರಿಸಿ, ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಸೇಜ್ ಮೂರ್ನಾಲ್ಕು ವರ್ಷಕ್ಕೆ ಕಟ್ಟಿಗೆಯಾಗಿ ಎಲೆ ಕಡಿಮೆ ಕೊಡುತ್ತದೆ, ಅಷ್ಟರೊಳಗೆ ಅದರ ಕಡ್ಡಿಯಿಂದ ಹೊಸ ಗಿಡ ಮಾಡಿಕೊಳ್ಳಿ.

ಲಾರೆಲ್ (ಬೇ ಲೀಫ್) ಎಲೆಯ ಮರವನ್ನೂ ದೊಡ್ಡ ಕುಂಡದಲ್ಲಿ ಬೆಳೆಯಬಹುದು, ತಾಳ್ಮೆ ಬೇಕು. ಅದು ನಮ್ಮ ಪಲಾವ್ ಎಲೆ ಅಲ್ಲ. ಪಲಾವ್ ಎಲೆಯಲ್ಲಿ ಮೂರು ನರಗಳು ಉದ್ದಕ್ಕೂ ಓಡುತ್ತವೆ, ಚಕ್ಕೆಯ ವಾಸನೆ. ಲಾರೆಲ್‌ನಲ್ಲಿ ನಡುನರ ಒಂದೇ. ಒಂದರ ಬದಲು ಇನ್ನೊಂದು ಹಾಕಿದರೆ ಸಾಸ್‌ನ ರುಚಿಯೇ ಬೇರೆಯಾಗುತ್ತದೆ.

ಯಾವ ಊರಲ್ಲಿ ಯಾವಾಗ

ಬೆಂಗಳೂರು, ಮೈಸೂರು, ಹಾಸನದ ಕಡೆ ಮಳೆ ತಗ್ಗುವ ಸೆಪ್ಟೆಂಬರ್ ಕೊನೆ–ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಬೇಸಿಗೆಗೆ ಮೊದಲು ಎಲ್ಲ ಗಿಡಗಳೂ ಬೇರೂರುತ್ತವೆ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಪಾರ್ಸ್ಲಿ, ಸೇಜ್ ಎರಡನ್ನೂ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಬೆಳೆ ಎಂದೇ ಇಟ್ಟುಕೊಳ್ಳಿ. ರೋಸ್‌ಮೇರಿ ಮಾತ್ರ ಮಧ್ಯಾಹ್ನದ ನೆರಳು ಸಿಕ್ಕರೆ ತಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ತೊಡಕು ಬಿಸಿಲಿನದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಡದ ತೇವದ್ದು. ಗುಡ್ಡದ ಪಂಗಡದ ಕುಂಡಗಳನ್ನು ಮಳೆಗಾಲ ಶುರುವಾಗುವ ಮೊದಲೇ ಸೂರಿನ ಕೆಳಗೆ, ಗಾಳಿಯಾಡುವ ಕಡೆ ಇಡಿ. ಉಡುಪಿ, ಮಂಗಳೂರಿನವರಿಗೆ ಸೇಜ್ ಕಷ್ಟ. ಮರುಗ, ಒರೆಗಾನೊ ಒಗ್ಗುತ್ತವೆ.

ಚಳಿದೇಶಗಳಲ್ಲಿರುವ ಕನ್ನಡಿಗರಿಗೆ ಲೆಕ್ಕ ತಿರುಗುಮುರುಗು. ಅಲ್ಲಿ ಸೇಜ್, ಥೈಮ್, ಒರೆಗಾನೊ ಹೊರಗೇ ಚಳಿ ಕಳೆಯುತ್ತವೆ. ಬೆಸಿಲ್ ಮಾತ್ರ ರಾತ್ರಿಯ ತಾಪ 10 ಡಿಗ್ರಿಗಿಂತ ಕೆಳಗಿಳಿಯದ ಕಾಲಕ್ಕೇ ಹೊರಗೆ. ಚಳಿಗಾಲದಲ್ಲಿ ಒಳಗೆ ಬೆಳೆಯುವುದಾದರೆ ದಕ್ಷಿಣದ ಕಿಟಕಿಯೂ ಸಾಲದು. ಗಿಡದ ತುದಿಯಿಂದ ಒಂದಡಿ ಮೇಲೆ ಎಲ್‌ಇಡಿ ಗ್ರೋ ಲೈಟ್ ತೂಗುಹಾಕಿ ದಿನಕ್ಕೆ 12ರಿಂದ 14 ಗಂಟೆ ಉರಿಸಿ. ಅಂಗಡಿಯಲ್ಲಿ ಸಿಗುವ ಬೆಸಿಲ್ ಕುಂಡ ಒಂದೇ ಗಿಡವಲ್ಲ, ಒತ್ತೊತ್ತಾಗಿ ಬಿತ್ತಿದ ಹತ್ತಾರು ಸಸಿ. ತಂದ ದಿನವೇ ನಾಲ್ಕು ಪಾಲು ಮಾಡಿ ಬೇರೆ ಬೇರೆ ಕುಂಡಕ್ಕೆ ನೆಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ, ಹಾಗೇ ಬಿಟ್ಟರೆ ಎರಡು ವಾರ.

ಕೆಡುವುದು ಹೇಗೆ, ಏಕೆ

ಬೆಸಿಲ್‌ನ ದೊಡ್ಡ ಶತ್ರು ಬೂಜು ರೋಗ, ಡೌನಿ ಮಿಲ್ಡ್ಯೂ. ಮೊದಲು ಎಲೆಯ ಮೇಲ್ಭಾಗ ಹಳದಿಯಾಗುತ್ತದೆ. ಗೊಬ್ಬರ ಸಾಲದು ಎಂದು ಭಾವಿಸಿ ಗೊಬ್ಬರ ಹಾಕುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ವ್ಯತ್ಯಾಸ ನೋಡುವುದು ಸುಲಭ: ಸಾರಜನಕದ ಕೊರತೆಯಾದರೆ ಬುಡದ ಹಳೆಯ ಎಲೆ ಇಡಿಯಾಗಿ ಹಳದಿಯಾಗುತ್ತದೆ, ಬೂಜು ರೋಗದಲ್ಲಿ ಹಳದಿ ನರಗಳ ಗೆರೆಗೆ ನಿಂತು ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಬೆಳಗ್ಗೆ ಬೇಗ ಎಲೆ ಮಗುಚಿ ನೋಡಿದರೆ ಕೆಳಗೆ ಬೂದು–ನೇರಳೆ ಬಣ್ಣದ ಧೂಳಿನಂಥ ಬೂಜು ಇರುತ್ತದೆ. ಅದು ಗಾಳಿಯಲ್ಲಿ ಹರಡುತ್ತದೆ, ಮೊಳೆಯಲು ರಾತ್ರಿಯ ತೇವ ಬೇಕು. ಮನೆಮದ್ದಿಗೆ ಬಗ್ಗುವ ರೋಗವಲ್ಲ. ಕಲೆಯಿಲ್ಲದ ಎಲೆಯನ್ನೆಲ್ಲ ಅಂದೇ ಕೊಯ್ದು, ಗಿಡ ಕಿತ್ತು, ಚೀಲದಲ್ಲಿ ಕಟ್ಟಿ ಎಸೆಯಿರಿ. ಅದು ಬರದಂತೆ ಮಾಡುವುದೇ ದಾರಿ: ಬೆಳಗ್ಗೆ ಮಾತ್ರ ನೀರು, ಅದೂ ಬುಡಕ್ಕೆ, ಕುಂಡಗಳ ನಡುವೆ ಒಂದು ಗೇಣು ಅಂತರ, ಮಳೆ ತಾಗದ ಜಾಗ.

ಮಣ್ಣು ಒದ್ದೆಯಿದ್ದೂ ಬೆಸಿಲ್ ಬಾಡಿದರೆ ನೀರು ಹಾಕಬೇಡಿ, ಗಿಡ ಕಿತ್ತು ನೋಡಿ. ಬೇರು ಕಂದಾಗಿ ಸಿಪ್ಪೆ ಜಾರಿ ಬಂದರೆ ಬೇರು ಕೊಳೆ. ಗಿಡದ ಒಂದೇ ಮಗ್ಗುಲು ಬಾಡಿ, ಕಾಂಡದ ಮೇಲೆ ಕಂದು ಗೆರೆ ಓಡಿದ್ದರೆ ಫ್ಯುಸೇರಿಯಮ್ ಸೊರಗು ರೋಗ. ಆ ಮಣ್ಣಿನಲ್ಲಿ ಮತ್ತೆ ಬೆಸಿಲ್ ಬೇಡ.

ಗಿಡಹೇನು, ಬಿಳಿನೊಣಗಳಿಗೆ ಮೊದಲ ಮದ್ದು ಪೈಪಿನ ನೀರು. ಎಲೆಯ ಅಡಿಗೆ ರಭಸವಾಗಿ ಹೊಡೆದು, ಎರಡು ದಿನ ಬಿಟ್ಟು ಮತ್ತೆ ಹೊಡೆಯಿರಿ. ಸಾಲದಿದ್ದರೆ ಲೀಟರ್ ನೀರಿಗೆ ಒಂದು ಟೀ ಚಮಚ ಸೌಮ್ಯ ದ್ರವ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ, ಮರುದಿನ ಬೆಳಗ್ಗೆ ತೊಳೆಯಿರಿ. ಬೇವಿನ ಎಣ್ಣೆ ಕೆಲಸ ಮಾಡುತ್ತದೆ, ಆದರೆ ಕಹಿ ಎಲೆಗೆ ಹಿಡಿದುಕೊಳ್ಳುತ್ತದೆ. ಕೊಯ್ಲು ಮುಗಿಸಿದ ಮೇಲೆ, ಹೊಸ ಚಿಗುರು ಬರುವ ಮುಂಚಿನ ಬಿಡುವಿನಲ್ಲಷ್ಟೇ ಬಳಸಿ. ಒಣ ಬೇಸಿಗೆಯಲ್ಲಿ ಸೇಜ್, ರೋಸ್‌ಮೇರಿ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಸಂದಿಯಲ್ಲಿ ನವಿರಾದ ಬಲೆ ಕಂಡರೆ ಅದು ನುಸಿ. ಅದಕ್ಕೂ ನೀರೇ ಮದ್ದು.

ಅಡುಗೆಮನೆಗೆ ಬಂದ ಮೇಲೆ

ಗಟ್ಟಿ ಎಲೆ ಒಗ್ಗರಣೆಯ ಹೊತ್ತಿಗೆ, ಮೆತ್ತನೆಯದು ಒಲೆ ಆರಿಸಿದ ಮೇಲೆ. ರೋಸ್‌ಮೇರಿ, ಸೇಜ್, ಥೈಮ್, ಲಾರೆಲ್ ಬಿಸಿ ಎಣ್ಣೆ–ಬೆಣ್ಣೆಯಲ್ಲಿ ಪರಿಮಳ ಬಿಡುತ್ತವೆ. ಬೆಸಿಲ್, ಪಾರ್ಸ್ಲಿ, ಮರುಗದ ಪರಿಮಳ ಕುದಿಯಲ್ಲಿ ಹಾರಿಹೋಗುತ್ತದೆ. ಇಟಲಿಯ ಅಡುಗೆಯಲ್ಲಿ ಒಂದು ಖಾದ್ಯಕ್ಕೆ ಸಾಮಾನ್ಯವಾಗಿ ಒಂದೇ ಸೊಪ್ಪು ಮುಂದಾಳು: ಮಾರ್ಗರೀಟಾ ಪಿಜ್ಜಾಕ್ಕೆ ಬೆಸಿಲ್, ಚೀಸೇ ಇಲ್ಲದ ಮರಿನಾರಾ ಪಿಜ್ಜಾಕ್ಕೆ ಬೆಳ್ಳುಳ್ಳಿ ಜೊತೆ ಒರೆಗಾನೊ, ಫೊಕಾಚಾ ರೊಟ್ಟಿಗೆ, ಒಲೆಯಲ್ಲಿ ಸುಟ್ಟ ಆಲೂಗಡ್ಡೆಗೆ ರೋಸ್‌ಮೇರಿ. ಸೇಜ್ ಹೊಸದಾಗಿ ಬೆಳೆದವರು ಮೊದಲು ಇದನ್ನು ಮಾಡಿ: ಇಬ್ಬರಿಗೆ 50 ಗ್ರಾಂ ಬೆಣ್ಣೆ, ಎಂಟು–ಹತ್ತು ಎಲೆ. ಸಣ್ಣ ಉರಿಯಲ್ಲಿ ನೊರೆ ಇಳಿದು ಬೆಣ್ಣೆ ಹೊಂಬಣ್ಣಕ್ಕೆ ಬಂದು ಎಲೆ ಗರಿಯಾದಾಗ ಬೆಂದ ಪಾಸ್ತಾ, ಎರಡು ಚಮಚ ಪಾಸ್ತಾ ಬೆಂದ ನೀರು ಸೇರಿಸಿ ಕಲಸಿ. ಬೇರೇನೂ ಬೇಡ.

ಪೆಸ್ಟೊಗೆ 60 ಗ್ರಾಂ ಎಳೆ ಬೆಸಿಲ್ ಎಲೆ ಬೇಕು. ಚೆನ್ನಾಗಿ ಕವಲೊಡೆದ ನಾಲ್ಕೈದು ಗಿಡಗಳ ಒಂದು ಕೊಯ್ಲು ಸಾಕಾದೀತು. ಒಂದೆರಡು ಎಸಳು ಬೆಳ್ಳುಳ್ಳಿ, 30 ಗ್ರಾಂ ಪೈನ್ ನಟ್, 50 ಗ್ರಾಂ ಪಾರ್ಮಿಜಾನೊ, 25 ಗ್ರಾಂ ಪೆಕೊರಿನೊ ಚೀಸ್, 70 ಮಿಲಿಲೀಟರ್ ಆಲಿವ್ ಎಣ್ಣೆ, ಕಲ್ಲುಪ್ಪು. ಪೈನ್ ನಟ್ ಬದಲು ಗೋಡಂಬಿ ಹಾಕಬಹುದು. ಎಲೆ ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ. ನೀರಿದ್ದರೆ ಪೆಸ್ಟೊ ಒಡೆಯುತ್ತದೆ, ಕಪ್ಪಾಗುತ್ತದೆ. ಜೆನೋವಾದವರು ಅಮೃತಶಿಲೆಯ ಒರಳಿನಲ್ಲಿ ಮರದ ಒನಕೆಯಿಂದ ಅರೆಯುತ್ತಾರೆ. ನಮ್ಮ ಕಲ್ಲಿನ ಕುಟ್ಟಾಣಿಯೂ ಸರಿ: ಮೊದಲು ಬೆಳ್ಳುಳ್ಳಿ–ಉಪ್ಪು, ಆಮೇಲೆ ಬೀಜ, ಆಮೇಲೆ ಎಲೆ, ಚೀಸ್, ಕೊನೆಗೆ ಎಣ್ಣೆ. ಮಿಕ್ಸಿಯಾದರೆ ಜಾರನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಒಂದೊಂದು ಸೆಕೆಂಡು ಮಾತ್ರ ತಿರುಗಿಸಿ ನಿಲ್ಲಿಸಿ. ಬ್ಲೇಡಿನ ಬಿಸಿಗೆ ಎಲೆ ಕಂದಾಗುತ್ತದೆ. ಪೆಸ್ಟೊವನ್ನು ಒಲೆಯ ಮೇಲಿಡಬೇಡಿ, ಬಿಸಿ ಪಾಸ್ತಾಗೆ ಕಲಸಿ.

ಕೊಯ್ದ ಬೆಸಿಲ್ ಫ್ರಿಜ್‌ಗೆ ಬೇಡ, ಚಳಿಗೆ ಕಪ್ಪಾಗುತ್ತದೆ. ಕಾಂಡ ನೀರಲ್ಲಿ ನಿಲ್ಲಿಸಿ ಕಟ್ಟೆಯ ಮೇಲೆ, ಬಿಸಿಲು ಬೀಳದ ಕಡೆ ಇಡಿ. ಪಾರ್ಸ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬಹುದು. ಇವೆರಡನ್ನೂ ಒಣಗಿಸಿದರೆ ಹುಲ್ಲಿನ ರುಚಿ. ಎಣ್ಣೆಯೊಂದಿಗೆ ರುಬ್ಬಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರಿನಲ್ಲೇ ಇಟ್ಟುಕೊಳ್ಳಿ. ತಾಜಾ ಬೆಳ್ಳುಳ್ಳಿ, ಸೊಪ್ಪನ್ನು ಬಾಟಲಿಯ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಶೆಲ್ಫಿನಲ್ಲಿ ಇಡುವುದು ನಿಜಕ್ಕೂ ಅಪಾಯ. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟ್ಯುಲಿಸಮ್ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷಕ್ಕೆ ವಾಸನೆಯಿರಬೇಕೆಂದಿಲ್ಲ. ಹಾಗೆ ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಒಣಗಿಸಲು ಯೋಗ್ಯವಾದವು ಒರೆಗಾನೊ, ಥೈಮ್, ರೋಸ್‌ಮೇರಿ, ಸೇಜ್. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಹೆಬ್ಬೆರಳು ದಪ್ಪದ ಸಣ್ಣ ಕಟ್ಟು ಕಟ್ಟಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ಬಿಸಿಲಿಗೆ ಹಾಕಿದರೆ ಬಣ್ಣ, ಎಣ್ಣೆ ಎರಡೂ ಹೋಗುತ್ತವೆ. ದಪ್ಪ ಕಟ್ಟಿನ ನಡುವೆ ಬೂಸಲು ಹಿಡಿಯುತ್ತದೆ. ಒಣ ಹವೆಯಲ್ಲಿ ಒಂದರಿಂದ ಎರಡು ವಾರಕ್ಕೆ ಎಲೆ ಮುಟ್ಟಿದರೆ ಪುಡಿಯಾಗುತ್ತದೆ, ಕಾಂಡ ಬಾಗದೆ ಮುರಿಯುತ್ತದೆ. ಆಗ ಎಲೆಯನ್ನು ಪುಡಿ ಮಾಡದೆ ಇಡಿಯಾಗಿ ಗಾಜಿನ ಭರಣಿಗೆ ತುಂಬಿ. ಮರುದಿನ ಗಾಜಿನ ಒಳಬದಿಯಲ್ಲಿ ಮಂಜು ಕಂಡರೆ ಇನ್ನೂ ತೇವವಿದೆ, ಹೊರತೆಗೆದು ಮತ್ತೆರಡು ದಿನ ಹರಡಿ. ಬಳಸುವಾಗ ಅಂಗೈಯಲ್ಲಿ ಉಜ್ಜಿ ಉದುರಿಸಿ. ತಾಜಾ ಎಲೆ ಒಂದು ಟೇಬಲ್ ಚಮಚ ಬೇಕಾದ ಕಡೆ ಒಣ ಎಲೆ ಒಂದು ಟೀ ಚಮಚ ಸಾಕು.